ಮಾರು ತಪ್ಪಿನಿಂದ ಗೇಣು ತಪ್ಪಿಗೆ: ಒಂದೇ ಬ್ಯಾಂಡಿನ ಜಿಪಿಎಸ್ ರಿಸೀವರಿನಲ್ಲಿ ಮಲೆನಾಡಿನ ಜಾಗ ಅಳೆಯುವ ಬಗೆ

ತೀರ್ಥಹಳ್ಳಿ ಕಡೆಯ ಯಾವುದಾದರೂ ಅಡಿಕೆ ತೋಟದ ಮೂಲೆಗೆ ಹೋಗಿ, ಬಾಂದುಕಲ್ಲಿನ ಮೇಲೆ ಫೋನಿಟ್ಟು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಜಾಗ ಗುರುತಿಸಿ. ನಕ್ಷೆಯ ಮೇಲೆ ಮೂರು ಚುಕ್ಕೆ ಬೀಳುತ್ತವೆ: ಒಂದು ತೋಟದೊಳಗೆ, ಒಂದು ಅಗಳದಲ್ಲಿ, ಒಂದು ಪಕ್ಕದವರ ಬ್ಯಾಣದಲ್ಲಿ. ಕಲ್ಲು ಮಾತ್ರ ಇದ್ದಲ್ಲೇ ಇದೆ. ಕಡಿಮೆ ಬೆಲೆಯ ಫೋನುಗಳು, ಹವ್ಯಾಸಿಗಳು ಕೊಳ್ಳುವ ನಿಯೋ-6ಎಂ, ನಿಯೋ-ಎಂ8ಎನ್ ಮಾಡ್ಯೂಲುಗಳು ಸಾಮಾನ್ಯವಾಗಿ 1575.42 ಮೆಗಾಹರ್ಟ್ಸ್ ಆಸುಪಾಸಿನ ಎಲ್1 ಬ್ಯಾಂಡ್ ಒಂದನ್ನೇ ಕೇಳುತ್ತವೆ. ಎರಡು ಬ್ಯಾಂಡಿನ ರಿಸೀವರ್ ತಂದರೆ ಅರ್ಧ ತಲೆನೋವು ಹೋಗುತ್ತದೆ, ನಿಜ. ಆದರೆ ಆಂಟೆನಾ ಎಲ್ಲಿಡಬೇಕು, ಯಾವ ಹೊತ್ತಿಗೆ ಇಡಬೇಕು, ಬಂದ ಅಂಕಿಯಲ್ಲಿ ಯಾವುದನ್ನು ನಂಬಬೇಕು ಎನ್ನುವುದು ಗೊತ್ತಿದ್ದರೆ ಒಂದು ಬ್ಯಾಂಡಿನಲ್ಲೇ ಮಾರಿನಷ್ಟು ತಪ್ಪನ್ನು ಗೇಣಿಗೆ ಇಳಿಸಬಹುದು.

ತಪ್ಪು ಎಲ್ಲಿಂದ ಬರುತ್ತದೆ

ಉಪಗ್ರಹದಿಂದ ಬರುವ ಸಿಗ್ನಲ್ ಅಯಾನುಗೋಳ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರ ದಾಟುವಾಗ ತಡವಾಗುತ್ತದೆ. ಎರಡು ಬ್ಯಾಂಡ್ ಇದ್ದರೆ ಎರಡರ ತಡವನ್ನು ಹೋಲಿಸಿ ಅದನ್ನು ಕಳೆದುಬಿಡಬಹುದು. ಒಂದೇ ಬ್ಯಾಂಡಿಗೆ ಆ ಅನುಕೂಲವಿಲ್ಲ. ನಮ್ಮ ಶಿವಮೊಗ್ಗ ಜಿಲ್ಲೆ ಕಾಂತೀಯ ಸಮಭಾಜಕಕ್ಕೆ ಹತ್ತಿರವಿರುವುದರಿಂದ ಇಲ್ಲಿ ಈ ತಡ ಯುರೋಪಿನವರು ಬರೆದಿಟ್ಟ ಕೈಪಿಡಿಗಳಲ್ಲಿ ಹೇಳುವುದಕ್ಕಿಂತ ಜಾಸ್ತಿ. ಮಧ್ಯಾಹ್ನ ಎರಡರ ಸುಮಾರಿಗೆ ಅದು ಉತ್ತುಂಗದಲ್ಲಿರುತ್ತದೆ. ಸೂರ್ಯನ ಚಟುವಟಿಕೆ ಹೆಚ್ಚಿರುವ ವರ್ಷಗಳಲ್ಲಿ ನೆತ್ತಿಯ ಮೇಲಿರುವ ಉಪಗ್ರಹಕ್ಕೇ ಈ ತಡ ದೂರದ ಲೆಕ್ಕದಲ್ಲಿ 10 ಮೀಟರ್ ದಾಟುವುದುಂಟು, ದಿಗಂತದ ಹತ್ತಿರದ ಉಪಗ್ರಹಕ್ಕೆ ಇನ್ನೂ ಹೆಚ್ಚು. ಬೆಳಗಿನ ಜಾವ ಅದೇ ತಡ ತಳ ಮುಟ್ಟಿರುತ್ತದೆ.

ಇದನ್ನು ಸರಿಪಡಿಸಲು ಜಿಪಿಎಸ್ ಉಪಗ್ರಹಗಳೇ ಕ್ಲೋಬುಚಾರ್ ಎಂಬ ಮಾದರಿಯ ಎಂಟು ಅಂಕಿಗಳನ್ನು ಕಳಿಸುತ್ತವೆ. ಅದು ಅಂದಾಜು ಅರ್ಧದಷ್ಟು ತಪ್ಪನ್ನು ತೆಗೆಯುತ್ತದೆ. ಇಲ್ಲಿ ಬಹಳ ಜನ ಗಮನಿಸದ ಒಂದು ಸೂಕ್ಷ್ಮವಿದೆ: ಆ ಅಂಕಿಗಳು ಪ್ರಸಾರವಾಗುವುದು 12.5 ನಿಮಿಷಕ್ಕೆ ಒಮ್ಮೆ. ತಣ್ಣಗಿದ್ದ ರಿಸೀವರ್ ಒಂದು ನಿಮಿಷದೊಳಗೆ ಜಾಗ ತೋರಿಸಿಬಿಡುತ್ತದೆ, ಆದರೆ ಆಗ ಅದರ ಬಳಿ ಅಯಾನುಗೋಳದ ಲೆಕ್ಕವೇ ಇಲ್ಲದಿರಬಹುದು. ಆದ್ದರಿಂದ ಅಳತೆಗೆ ಮುಂಚೆ ಬಯಲಿನಲ್ಲಿ 15 ನಿಮಿಷ ಸುಮ್ಮನೆ ಚಾಲೂ ಇಡಿ. ಕವಳ ಹಾಕಿ ಮುಗಿಯುವಷ್ಟು ಹೊತ್ತು, ಅಷ್ಟೆ.

ಎರಡನೆಯದು ಪ್ರತಿಫಲನ. ಅಂಗಳದ ತಗಡಿನ ಚಪ್ಪರ, ಕಾರು, ನೀರು ತುಂಬಿದ ಗದ್ದೆ, ಒದ್ದೆ ಬಂಡೆ, ಇವುಗಳಿಗೆ ತಾಗಿ ಬಂದ ಸಿಗ್ನಲ್ ನೇರ ಸಿಗ್ನಲಿನ ಜೊತೆ ಬೆರೆಯುತ್ತದೆ. ಮೂರನೆಯದು ಮರೆ: ಗುಡ್ಡ, ಕಾನು, ಅಡಿಕೆ ಮರದ ಹೆಡಲು. ಮಳೆಯ ಹನಿ ಸಿಗ್ನಲಿಗೆ ಲೆಕ್ಕಕ್ಕೇ ಇಲ್ಲ. ಆಗುಂಬೆಯ ಮಳೆಯಲ್ಲೂ ಬಯಲಿನಲ್ಲಿ ರಿಸೀವರ್ ಕೆಲಸ ಮಾಡುತ್ತದೆ. ತೊಂದರೆ ಕೊಡುವುದು ನೆನೆದ ಎಲೆ. ಒಣಗಿದ್ದಾಗ ಸಿಗ್ನಲನ್ನು ತಕ್ಕಮಟ್ಟಿಗೆ ಬಿಟ್ಟುಕೊಡುವ ಸೋಗೆ, ನೆನೆದರೆ ಬಹುಪಾಲು ನುಂಗಿಬಿಡುತ್ತದೆ.

ಸಾಮಾನು

ನಿಯೋ-6ಎಂ ಇದ್ದರೆ ಸರಾಸರಿ ತೆಗೆಯುವವರೆಗಿನ ಕೆಲಸವೆಲ್ಲ ಆಗುತ್ತದೆ. ಅದಕ್ಕಿಂತ ಮುಂದೆ ಹೋಗಬೇಕೆಂದರೆ ಕಚ್ಚಾ ಅಳತೆ, ಅಂದರೆ ವಾಹಕ ತರಂಗದ ಫೇಸನ್ನು (ಅಲೆ ಎಷ್ಟು ಸುತ್ತು ಸಾಗಿದೆ ಎನ್ನುವ ಎಣಿಕೆಯನ್ನು) ಹೊರಗೆ ಕೊಡುವ ಮಾಡ್ಯೂಲು ಬೇಕು. ಯು-ಬ್ಲಾಕ್ಸ್‌ನ ನಿಯೋ-ಎಂ8ಟಿ ಆ ಜಾತಿಯದು. ಮಾರುಕಟ್ಟೆಯಲ್ಲಿ ಎಂ8ಎನ್ ಹೆಸರಿನ ನಕಲಿಗಳೂ ಓಡಾಡುತ್ತವೆ. ಯು-ಬ್ಲಾಕ್ಸ್‌ನದೇ ಆದ ಯು-ಸೆಂಟರ್ ಎಂಬ ಕಂಪ್ಯೂಟರ್ ತಂತ್ರಾಂಶಕ್ಕೆ ಜೋಡಿಸಿ ಆವೃತ್ತಿಯ ಸಂದೇಶ ನೋಡಿ, ಹೊಂದಿಕೆ (ಸೆಟ್ಟಿಂಗ್) ಉಳಿಸಿ, ಕರೆಂಟು ತೆಗೆದು ಮತ್ತೆ ಕೊಟ್ಟು ನೋಡಿ. ಉಳಿಸಿದ್ದು ಉಳಿಯದಿದ್ದರೆ ಅನುಮಾನಿಸಿ.

ಮಾಡ್ಯೂಲಿನ ಮೇಲೇ ಕೂತಿರುವ ಬೆರಳುಗುರಿನಷ್ಟು ಆಂಟೆನಾ ಬದಿಗಿಟ್ಟು, ಕಾರಿನ ಮೇಲೆ ಅಂಟಿಸುವ ಮ್ಯಾಗ್ನೆಟ್ ಆಂಟೆನಾ ಬಳಸಿ. ಅದರ ಕೆಳಗೆ ಸುಮಾರು 10 ಸೆಂಟಿಮೀಟರ್ ಅಗಲದ ಕಬ್ಬಿಣದ ತಟ್ಟೆ ಬೇಕೇ ಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ಒಂದು ತುಂಡು ಕತ್ತರಿಸಿಕೊಟ್ಟರೆ ಸಾಕು. ಅಲ್ಯೂಮಿನಿಯಂ ಆದರೆ ಮ್ಯಾಗ್ನೆಟ್ ಹಿಡಿಯುವುದಿಲ್ಲ. ತಟ್ಟೆ ಕೆಳಗಿನಿಂದ ಪುಟಿದು ಬರುವ ಸಿಗ್ನಲನ್ನು ತಡೆಯುತ್ತದೆ, ಆಂಟೆನಾ ತನ್ನ ಆವರ್ತನಕ್ಕೆ ಸರಿಯಾಗಿ ಕೂರುವುದೂ ಅದರ ಮೇಲೆಯೇ. ಇಡೀ ಲೇಖನದಲ್ಲಿ ಒಂದೇ ಮಾತು ಪಾಲಿಸುವುದಾದರೆ ಇದನ್ನು ಪಾಲಿಸಿ. ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಲಾಭ ಬೇರೆಲ್ಲೂ ಇಲ್ಲ. ನಿಲ್ಲಿಸಲು ಕ್ಯಾಮೆರಾ ಸ್ಟ್ಯಾಂಡ್ ಆದೀತು, ಒಂದೂವರೆ ಎರಡು ಮೀಟರ್ ಎತ್ತರ ಸಾಕು.

ವಿದ್ಯುತ್ತಿಗೆ ಪವರ್ ಬ್ಯಾಂಕ್ ಬಳಸುವವರು ಒಂದು ಎಚ್ಚರ ಇಟ್ಟುಕೊಳ್ಳಿ: ಮಾಡ್ಯೂಲು ಎಳೆಯುವ ಕರೆಂಟು ತೀರಾ ಕಡಿಮೆಯಾದ್ದರಿಂದ ಕೆಲವು ಪವರ್ ಬ್ಯಾಂಕ್‌ಗಳು ಫೋನು ಚಾರ್ಜ್ ಆಯಿತೆಂದು ತಿಳಿದು ಅರ್ಧ ನಿಮಿಷದಲ್ಲೇ ಆರಿಹೋಗುತ್ತವೆ. ಹೊರಡುವ ಮುಂಚೆ ಮನೆಯಲ್ಲೇ ಪರೀಕ್ಷಿಸಿ.

ಜಾಗ, ಹೊತ್ತು

ಜಿಪಿಎಸ್ ಉಪಗ್ರಹಗಳ ಕಕ್ಷೆ ಸಮಭಾಜಕಕ್ಕೆ 55 ಡಿಗ್ರಿ ಓರೆ. ಹಾಗಾಗಿ ಶಿವಮೊಗ್ಗದ 14 ಡಿಗ್ರಿ ಅಕ್ಷಾಂಶದಿಂದ ನೋಡಿದರೆ ನೇರ ಉತ್ತರ ದಿಕ್ಕಿನಲ್ಲಿ ದಿಗಂತದಿಂದ 35 ಡಿಗ್ರಿಯವರೆಗಿನ ಆಕಾಶ ಖಾಲಿ. ದಕ್ಷಿಣದಲ್ಲಿ ಮಾತ್ರ ದಿಗಂತದ ಹತ್ತಿರದವರೆಗೂ ಉಪಗ್ರಹಗಳು ಓಡಾಡುತ್ತವೆ. ಇದರ ಉಪಯೋಗ ಸರಳ: ಮರೆ ತಪ್ಪಿಸಲಾಗದಿದ್ದರೆ ಗುಡ್ಡ ಅಥವಾ ಮನೆ ಉತ್ತರಕ್ಕೆ ಬರುವ ಹಾಗೆ ನಿಲ್ಲಿ, ದಕ್ಷಿಣ ತೆರೆದಿರಲಿ. ಕಣಿವೆಯ ತಳದಲ್ಲಿರುವ ತೋಟಗಳಲ್ಲಿ ಎರಡೂ ಕಡೆ ಗುಡ್ಡ ಮುಚ್ಚಿದಾಗ, ಕಣಿವೆಯ ಉದ್ದಕ್ಕಿಂತ ಅಡ್ಡಕ್ಕೆ ತಪ್ಪು ಹೆಚ್ಚು ಬರುತ್ತದೆ.

ಹೊತ್ತಿನ ವಿಷಯದಲ್ಲಿ ಲೆಕ್ಕ ಸ್ಪಷ್ಟ. ಬೆಳಗಿನ ಜಾವ ನಾಲ್ಕರಿಂದ ಎಂಟರವರೆಗೆ ಶ್ರೇಷ್ಠ. ಹನ್ನೊಂದರಿಂದ ನಾಲ್ಕರವರೆಗೆ ಬೇಡ. ಸೂರ್ಯ ಮುಳುಗಿ ಒಂದೆರಡು ಗಂಟೆಯಿಂದ ನಡುರಾತ್ರಿಯವರೆಗೆ ಇನ್ನೂ ಬೇಡ, ಅದರಲ್ಲೂ ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ: ಆಗ ಅಯಾನುಗೋಳದಲ್ಲಿ ಗುಳ್ಳೆಗಳೆದ್ದು ಸಿಗ್ನಲ್ ನಕ್ಷತ್ರದಂತೆ ಮಿನುಗುತ್ತದೆ, ಫೇಸ್ ಎಣಿಕೆ ತಪ್ಪುತ್ತದೆ. ಮರೆ ಇಲ್ಲದ ಬಯಲಿನಲ್ಲಿ ನಿಂತೂ ಸಂಜೆ ಎಂಟಕ್ಕೆ ಅಂಕಿ ಕುಣಿಯುತ್ತಿದ್ದರೆ ರಿಸೀವರನ್ನು ಬಯ್ಯಬೇಡಿ.

ಹೊಂದಿಕೆ

ಯು-ಸೆಂಟರ್‌ನಲ್ಲಿ ಮಾಡಬೇಕಾದವು ಕೆಲವೇ. ಮೊದಲು ಸೀರಿಯಲ್ ವೇಗ 9600ರಿಂದ 115200ಕ್ಕೆ ಏರಿಸಿ. 20 ಉಪಗ್ರಹಗಳ ಕಚ್ಚಾ ಅಳತೆಯ ಒಂದು ಸಂದೇಶವೇ 660 ಬೈಟ್ ದಾಟುತ್ತದೆ; 9600ರಲ್ಲಿ ಸೆಕೆಂಡಿಗೆ ಹೋಗುವುದು 960 ಬೈಟ್. ಅದರ ಜೊತೆ ಉಳಿದ ಸಂದೇಶಗಳೂ ಸೇರಿದರೆ ದಾರಿ ಕಟ್ಟಿಕೊಂಡು ದಾಖಲೆಯಲ್ಲಿ ತೂತು ಬೀಳುತ್ತದೆ. ತೂತು ಬಿದ್ದ ಕಡತ ನೋಡಲು ಚೆನ್ನಾಗಿಯೇ ಇರುತ್ತದೆ, ಮನೆಗೆ ಬಂದು ಲೆಕ್ಕಕ್ಕೆ ಕೂತಾಗ ಗೊತ್ತಾಗುತ್ತದೆ. ಅಳತೆಯ ದರ ಸೆಕೆಂಡಿಗೆ ಒಂದೇ ಇರಲಿ. ನಿಂತ ಕಲ್ಲಿಗೆ ಹತ್ತು ಯಾಕೆ?

ನ್ಯಾವ್5 ಪುಟದಲ್ಲಿ ಚಲನೆಯ ಮಾದರಿಯನ್ನು ನಿಂತಲ್ಲೇ ನಿಲ್ಲುವ ‘ಸ್ಟೇಷನರಿ’ಗೆ ಹಾಕಿ, ಕನಿಷ್ಠ ಎತ್ತರದ ಕೋನ 15 ಡಿಗ್ರಿ ಕೊಡಿ. ನಡೆಯುತ್ತಾ ಗಡಿ ಸುತ್ತುವಾಗ ‘ಪೆಡೆಸ್ಟ್ರಿಯನ್’ಗೆ ಬದಲಿಸಲು ಮರೆಯಬೇಡಿ, ಇಲ್ಲದಿದ್ದರೆ ತಿರುವುಗಳೆಲ್ಲ ನುಣುಪಾಗಿ ಗಡಿಯ ಮೂಲೆಗಳೇ ಮಾಯವಾಗುತ್ತವೆ. ಎಂ8 ಸರಣಿಯಲ್ಲಿ ಜಿಪಿಎಸ್, ಯುರೋಪಿನ ಗೆಲಿಲಿಯೋ ಜೊತೆಗೆ ರಷ್ಯಾದ ಗ್ಲೋನಾಸ್ ಅಥವಾ ಚೀನಾದ ಬೈಡೂ ಇವೆರಡರಲ್ಲಿ ಒಂದನ್ನು ಆರಿಸಬಹುದು. ಭಾರತದ ಆಕಾಶಕ್ಕೆ ಬೈಡೂ ಆರಿಸುವುದೇ ಲೇಸು, ಏಷ್ಯಾದ ಮೇಲೇ ಸುಳಿದಾಡುವ ಉಪಗ್ರಹಗಳು ಅದರಲ್ಲಿ ಹೆಚ್ಚು. ಹಳೆಯ ಫರ್ಮ್‌ವೇರ್‌ನಲ್ಲಿ ಗೆಲಿಲಿಯೋ ಸಿಗದು. ಭಾರತದ್ದೇ ಉಪಗ್ರಹ ವ್ಯವಸ್ಥೆಯಾದ ನಾವಿಕ್ ಎಲ್ಲಿ ಎಂದು ಕೇಳುವವರಿಗೆ: ಅದರ ಮೊದಲ ಉಪಗ್ರಹಗಳು ಎಲ್5 ಮತ್ತು ಎಸ್ ಬ್ಯಾಂಡಿನವು, ಎಲ್1 ಸೇರಿದ್ದು 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಿಂದ. ಹಳೆಯ ಎಲ್1 ಮಾಡ್ಯೂಲಿಗೆ ಅದು ಕಾಣಿಸುವುದಿಲ್ಲ.

ಆದರೆ ಗಗನ್ ಕಾಣಿಸುತ್ತದೆ, ಒಂಟಿ ಬ್ಯಾಂಡಿನವರಿಗೆ ಅದು ದೊಡ್ಡ ಆಸರೆ. ಇಸ್ರೋ ಮತ್ತು ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ ವಿಮಾನಗಳಿಗಾಗಿ ಕಟ್ಟಿದ ಈ ವ್ಯವಸ್ಥೆ, ದೇಶದ ಮೇಲಿನ ಅಯಾನುಗೋಳದ ತಡವನ್ನು ನೆಲದ ಕೇಂದ್ರಗಳಲ್ಲಿ ಅಳೆದು ಜಿಸ್ಯಾಟ್ ಉಪಗ್ರಹಗಳ ಮೂಲಕ ಎಲ್1ನಲ್ಲೇ ಬಿತ್ತರಿಸುತ್ತದೆ. ಯು-ಸೆಂಟರ್‌ನ ಎಸ್‌ಬಿಎಎಸ್ (ಉಪಗ್ರಹದ ಮೂಲಕ ಬರುವ ತಿದ್ದುಪಡಿ) ಪುಟದಲ್ಲಿ ಅದನ್ನು ಚಾಲೂ ಮಾಡಿ, ಅದರ ಉಪಗ್ರಹಗಳ ಸಂಖ್ಯೆಗಳಾದ 127, 128 ಮತ್ತು 132ಕ್ಕೆ ಗುರುತು ಹಾಕಿ. ಸಾಮಾನ್ಯ ಪಠ್ಯ ಸಂದೇಶಗಳಲ್ಲಿ ಇವೇ 40, 41, 45 ಎಂಬ ಹೆಸರಿನಲ್ಲಿ ಬರುತ್ತವೆ, 87 ಕಳೆದು ಬರೆಯುವುದು ಅಲ್ಲಿನ ಪದ್ಧತಿ. ಅವುಗಳಲ್ಲಿ ಜಾಗ ತಿಳಿಸುವ ಜಿಜಿಎ ಎಂಬ ಸಾಲಿನಲ್ಲಿ ಗುಣಮಟ್ಟದ ಅಂಕಿ 1ರಿಂದ 2ಕ್ಕೆ ಏರಿದರೆ ಗಗನ್ ಹಿಡಿದಿದೆ ಎಂದರ್ಥ. ಜಿಸ್ಯಾಟ್-10 ಇಲ್ಲಿಂದ ಆಗ್ನೇಯಕ್ಕೆ 70 ಡಿಗ್ರಿ ಎತ್ತರದಲ್ಲಿದೆ, ಜಿಸ್ಯಾಟ್-8 ನೈಋತ್ಯಕ್ಕೆ 60 ಡಿಗ್ರಿಯಲ್ಲಿ. ಅಷ್ಟು ಎತ್ತರಕ್ಕೆ ಗುಡ್ಡ ಅಡ್ಡ ಬರುವುದಿಲ್ಲ, ಮರ ಬರಬಹುದು. ಎಲ್ಲ ಮುಗಿದ ಮೇಲೆ ಹೊಂದಿಕೆಯನ್ನು ಉಳಿಸುವ ಗುಂಡಿ ಒತ್ತಿ.

ಒಂದೇ ರಿಸೀವರ್ ಇದ್ದರೆ

ಒಂದೇ ಕಡೆ ಐದು ನಿಮಿಷ ನಿಂತು 300 ಓದುಗಳ ಸರಾಸರಿ ತೆಗೆದರೆ ತಪ್ಪು ಕರಗಿತು ಎಂದುಕೊಳ್ಳುವುದು ಮೋಸ. ಅಯಾನುಗೋಳ, ಪ್ರತಿಫಲನ ಎರಡೂ ನಿಧಾನವಾಗಿ ಬದಲಾಗುವ ತಪ್ಪುಗಳು. ಐದು ನಿಮಿಷದ 300 ಓದು ಹೆಚ್ಚುಕಡಿಮೆ ಒಂದೇ ಓದಿನ 300 ನಕಲು. ಪ್ರತಿ ಕಲ್ಲಿಗೆ ಒಮ್ಮೆಗೆ 20 ನಿಮಿಷದಂತೆ, ಬೇರೆ ಬೇರೆ ಹೊತ್ತಿನಲ್ಲಿ ಎರಡು ಮೂರು ಸಲ ಇಡಿ. ಮರುದಿನ ಅದೇ ಹೊತ್ತಿಗೆ ಹೋದರೆ ಪ್ರಯೋಜನವಿಲ್ಲ: ಜಿಪಿಎಸ್ ಉಪಗ್ರಹಗಳು ದಿನಕ್ಕೆ ನಾಲ್ಕು ನಿಮಿಷ ಮುಂಚಿತವಾಗಿ ಅದೇ ಜಾಗಕ್ಕೆ ಬರುತ್ತವೆ, ನಿನ್ನೆಯ ಪ್ರತಿಫಲನವೇ ಇಂದೂ ಬರುತ್ತದೆ. ಮೊದಲ ದಿನ ಬೆಳಿಗ್ಗೆ ಐದಕ್ಕೆ ಇಟ್ಟಿದ್ದರೆ ಎರಡನೆಯ ದಿನ ಏಳೂವರೆಗೆ ಇಡಿ. ಪಿಡಿಒಪಿ, ಅಂದರೆ ಉಪಗ್ರಹಗಳು ಆಕಾಶದಲ್ಲಿ ಎಷ್ಟು ಚೆನ್ನಾಗಿ ಹರಡಿವೆ ಎಂದು ಹೇಳುವ ಅಂಕಿ, ಕಡಿಮೆ ಇದ್ದಷ್ಟು ಒಳ್ಳೆಯದು; ಅದು 2ಕ್ಕಿಂತ ಮೇಲೇರಿದ ಓದುಗಳನ್ನು ಬಿಟ್ಟುಬಿಡಿ.

ವಿಸ್ತೀರ್ಣ ಮಾತ್ರ ಬೇಕೆಂದರೆ ಲೆಕ್ಕಾಚಾರವೇ ಬೇರೆ. ಎಲ್ಲ ಮೂಲೆಗಳೂ ಒಂದೇ ದಿಕ್ಕಿಗೆ ಎರಡು ಮೀಟರ್ ಸರಿದರೆ ವಿಸ್ತೀರ್ಣ ಒಂದು ಅಂಗುಲವೂ ಬದಲಾಗದು. ಆದ್ದರಿಂದ ಮೂಲೆಗಳನ್ನು ಒಂದೇ ರಿಸೀವರಿನಿಂದ, ಒಂದೇ ಬೆಳಿಗ್ಗೆ, ಒಂದರ ಹಿಂದೆ ಒಂದರಂತೆ ಬೇಗ ಮುಗಿಸಿ, ಕೊನೆಗೆ ಮೊದಲ ಕಲ್ಲಿಗೆ ವಾಪಸು ಬಂದು ಇನ್ನೊಮ್ಮೆ ಅಳೆಯಿರಿ. ಎರಡರ ವ್ಯತ್ಯಾಸ ಒಂದು ಮೀಟರ್ ಮೀರಿದರೆ ಮಧ್ಯೆ ಏನೋ ಸರಿದಿದೆ, ಸುತ್ತು ಮತ್ತೆ ಹಾಕಿ. ಯಾಕಿಷ್ಟು ಹಟ ಎಂದರೆ: ಒಂದು ಎಕರೆಯ ಚೌಕದ ಬದಿ 63.6 ಮೀಟರ್, ನಾಲ್ಕೂ ಮೂಲೆಗೆ ದಿಕ್ಕಿಗೊಂದರಂತೆ 2 ಮೀಟರ್ ತಪ್ಪು ಬಿದ್ದರೆ ವಿಸ್ತೀರ್ಣ ಸುಮಾರು 180 ಚದರ ಮೀಟರ್, ಅಂದರೆ ಒಂದೂಮುಕ್ಕಾಲು ಗುಂಟೆ ಆಚೀಚೆ ಆಗುತ್ತದೆ. ತಪ್ಪನ್ನು ಅರ್ಧ ಮೀಟರಿಗೆ ತಂದರೆ ಅರ್ಧ ಗುಂಟೆಯೊಳಗೆ ನಿಲ್ಲುತ್ತದೆ. ಇನ್ನೊಂದು ಗೊಂದಲ ಇಳಿಜಾರಿನದು. ಜಿಪಿಎಸ್ ಕೊಡುವುದು ಸಮತಟ್ಟಿನ ವಿಸ್ತೀರ್ಣ; 20 ಡಿಗ್ರಿ ಇಳಿಜಾರಿನಲ್ಲಿ ನೆಲಕ್ಕೆ ಟೇಪು ಹಾಸಿ ಅಳೆದವರಿಗೆ ಶೇ. 6ರಷ್ಟು ಹೆಚ್ಚು ಸಿಗುತ್ತದೆ. ಇಬ್ಬರದೂ ಸರಿಯೇ, ಪಹಣಿಗೆ ಹೋಲಿಸಬೇಕಾದದ್ದು ಸಮತಟ್ಟಿನದು. ತಂಟೆ ಇರುವ ಗಡಿಯಾದರೆ ಈ ಅಳತೆ ನಿಮ್ಮ ತಿಳಿವಳಿಕೆಗಷ್ಟೇ; ಹದ್ದುಬಸ್ತಿಗೆ ಅರ್ಜಿ ಹಾಕುವುದೇ ದಾರಿ.

ಎರಡು ರಿಸೀವರ್ ಇದ್ದರೆ

ಗೇಣಿನ ಮಾತು ನಿಜವಾಗುವುದು ಇಲ್ಲಿ. ಎಲ್1ರ ತರಂಗದ ಉದ್ದ 19 ಸೆಂಟಿಮೀಟರ್, ಒಂದು ಗೇಣಿಗೆ ತುಸು ಕಡಿಮೆ. ಹತ್ತಿರದಲ್ಲೇ ಇರುವ ಎರಡು ರಿಸೀವರುಗಳಿಗೆ ಅಯಾನುಗೋಳದ ತಡ ಒಂದೇ ಆಗಿರುವುದರಿಂದ, ಒಂದರಿಂದ ಇನ್ನೊಂದನ್ನು ಕಳೆದರೆ ಅದು ವಜಾ ಆಗಿ ತರಂಗಗಳ ಎಣಿಕೆ ಮಾತ್ರ ಉಳಿಯುತ್ತದೆ. ಎಣಿಕೆ ಪೂರ್ಣಾಂಕಕ್ಕೆ ಕೂತರೆ ತಪ್ಪು ಒಂದೆರಡು ಸೆಂಟಿಮೀಟರಿಗೆ ಇಳಿಯುತ್ತದೆ. ಒಂದು ರಿಸೀವರನ್ನು ಮನೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನಿಂದ ದೂರ ಇಡಿ; ಇನ್ನೊಂದು ತೋಟದ ಕಲ್ಲಿಗೆ ಹೋಗಲಿ. ಪುಸ್ತಕಗಳು 10 ಕಿಲೋಮೀಟರ್ ಅಂತರ ಸರಿ ಎನ್ನುತ್ತವೆ, ನಮ್ಮ ಅಯಾನುಗೋಳಕ್ಕೆ 5 ಕಿಲೋಮೀಟರಿನ ಒಳಗಿರುವುದೇ ಕ್ಷೇಮ. ಎರಡಕ್ಕೂ ಒಂದೇ ಮಾದರಿಯ ಆಂಟೆನಾ, ಅದೇ ಅಳತೆಯ ತಟ್ಟೆ, ಎರಡರ ತಂತಿಯೂ ಒಂದೇ ದಿಕ್ಕಿಗೆ, ಉದಾಹರಣೆಗೆ ಉತ್ತರಕ್ಕೆ. ಆಗ ಆಂಟೆನಾದ ಸ್ವಂತ ತಪ್ಪೂ ಕಳೆದುಹೋಗುತ್ತದೆ.

ಎರಡರಲ್ಲೂ ಕಚ್ಚಾ ಅಳತೆಯ ಸಂದೇಶ ಮತ್ತು ಉಪಗ್ರಹದ ಸಂದೇಶ, ಅಂದರೆ ಆರ್‌ಎಕ್ಸ್‌ಎಂ ಗುಂಪಿನ ರಾಎಕ್ಸ್ ಮತ್ತು ಎಸ್‌ಎಫ್‌ಆರ್‌ಬಿಎಕ್ಸ್ ಎರಡನ್ನೂ ಚಾಲೂ ಮಾಡಿ ದಾಖಲಿಸಿ. ಎರಡನೆಯದನ್ನು ಮರೆತರೆ ಕಕ್ಷೆಯ ಮಾಹಿತಿ ಇಲ್ಲದೆ ಕಡತ ಕುರುಡಾಗುತ್ತದೆ. ಒಂದೆರಡು ಕಿಲೋಮೀಟರಿಗೆ ಅರ್ಧ ಗಂಟೆ, ಐದಕ್ಕೆ ಒಂದು ಗಂಟೆ ಇಡಿ. ಕಲ್ಲಿನಿಂದ ಆಂಟೆನಾ ತಳದವರೆಗಿನ ಎತ್ತರ ಅಳೆದು, ಆ ಕ್ಷಣವೇ ಬರೆದಿಡಿ.

ಮನೆಗೆ ಬಂದ ಮೇಲೆ ಲೆಕ್ಕಕ್ಕೆ ಆರ್‌ಟಿಕೆಲಿಬ್ ಎಂಬ ತಂತ್ರಾಂಶ. ಅಗ್ಗದ ರಿಸೀವರುಗಳಿಗೆ ಹದಗೊಳಿಸಿದ ಡೆಮೊ5 ಆವೃತ್ತಿ ಒಳ್ಳೆಯದು. ಅದರ ಆರ್‌ಟಿಕೆಕಾನ್ವ್‌ನಲ್ಲಿ ಎರಡೂ ಕಡತಗಳನ್ನು ರೈನೆಕ್ಸ್ ಎಂಬ ಸಾಮಾನ್ಯ ಕಡತ ರೂಪಕ್ಕೆ ಬದಲಿಸಿ. ನಂತರ ಆರ್‌ಟಿಕೆಪೋಸ್ಟ್‌ನಲ್ಲಿ ವಿಧಾನ ‘ಸ್ಟ್ಯಾಟಿಕ್’, ಆವರ್ತನ ಎಲ್1, ಫಿಲ್ಟರ್ ‘ಕಂಬೈನ್ಡ್’, ಕೋನ 15 ಡಿಗ್ರಿ, ಅಯಾನುಗೋಳ ‘ಬ್ರಾಡ್‌ಕಾಸ್ಟ್’, ಹವಾಗೋಳ ‘ಸಾಸ್ಟಾಮೊಯಿನೆನ್’, ಪೂರ್ಣಾಂಕ ಒಪ್ಪುವ ಅನುಪಾತ 3. ಸಿಗ್ನಲ್ ಬಲ 35 ಡಿಬಿ-ಹರ್ಟ್ಸ್‌ಗಿಂತ ಕಡಿಮೆ ಇರುವುದನ್ನು ಸೋಸಿ ತೆಗೆಯಿರಿ. ಬಯಲಿನಲ್ಲಿ 45–50 ಬರುವುದು, ಹೆಡಲಿನ ಕೆಳಗೆ 30ಕ್ಕೆ ಕುಸಿಯುವುದು ಸಾಮಾನ್ಯ. ಫಲಿತಾಂಶದ ಗುಣಮಟ್ಟ 1, ಹಸಿರು ಬಣ್ಣ ಬಂದರೆ ಎಣಿಕೆ ಕೂತಿದೆ. 2, ಹಳದಿ ಆದರೆ ತೇಲುತ್ತಿದೆ.

ಹಸಿರು ಕಂಡ ಕೂಡಲೇ ಹಿಗ್ಗಬೇಡಿ. ಒಂದೇ ಬ್ಯಾಂಡಿನಲ್ಲಿ ಸುಳ್ಳು ಹಸಿರೂ ಬರುತ್ತದೆ, ಎಣಿಕೆ ಒಂದೆರಡು ತರಂಗ ತಪ್ಪಿ ಕೂತರೂ ತಂತ್ರಾಂಶ ಧೈರ್ಯವಾಗಿ ಸೆಂಟಿಮೀಟರ್ ತೋರಿಸುತ್ತದೆ. ಪರೀಕ್ಷೆ ಸುಲಭ: ಕಡತವನ್ನು ಅರ್ಧಕ್ಕೆ ಕತ್ತರಿಸಿ ಎರಡೂ ಭಾಗಕ್ಕೆ ಬೇರೆ ಬೇರೆ ಲೆಕ್ಕ ಓಡಿಸಿ. ಉತ್ತರಗಳು ಎರಡು ಮೂರು ಸೆಂಟಿಮೀಟರಿನೊಳಗೆ ಹೊಂದಿದರೆ ನಂಬಿ. 20, 40 ಸೆಂಟಿಮೀಟರ್ ದೂರ ಬಿದ್ದರೆ ಒಂದು ಸುಳ್ಳು.

ತಾರಸಿಯ ಜಾಗದ ಅಕ್ಷಾಂಶ ರೇಖಾಂಶ ಎರಡು ಮೀಟರ್ ತಪ್ಪಿದ್ದರೂ ತೋಟದ ಆಕಾರ ಕೆಡುವುದಿಲ್ಲ, ಇಡೀ ತೋಟ ಅಷ್ಟೇ ಸರಿಯುತ್ತದೆ. ಅದನ್ನೂ ಕೂರಿಸಬೇಕೆಂದರೆ ಭಾರತೀಯ ಸರ್ವೇಕ್ಷಣಾ ಇಲಾಖೆಯ ಕಾರ್ಸ್ ಕೇಂದ್ರಗಳ (ಸದಾ ಚಾಲೂ ಇರುವ ರಿಸೀವರುಗಳ) ದತ್ತಾಂಶ ನೋಂದಣಿ ಮಾಡಿಸಿ ಪಡೆಯಬಹುದು. ಕೇಂದ್ರ ದೂರವಿದ್ದರೆ ನಡುರಾತ್ರಿಯಿಂದ ಬೆಳಗಿನವರೆಗಿನ ಉದ್ದನೆಯ ದಾಖಲೆ ಬಳಸಿ, ಹಳದಿ ಉತ್ತರಕ್ಕೆ ತೃಪ್ತರಾಗಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೇಂದ್ರದ ದತ್ತಾಂಶ ಮುಕ್ತವಾಗಿ ಸಿಗುತ್ತದೆ, ಆದರೆ ಶಿವಮೊಗ್ಗದಿಂದ ನೇರ ದೂರವೇ 240 ಕಿಲೋಮೀಟರಿನ ಹತ್ತಿರ. ಒಂದು ಬ್ಯಾಂಡಿಗೆ ಅದು ದಕ್ಕುವ ದೂರವಲ್ಲ.

ಅಂಕಿ ಬರೆದುಕೊಳ್ಳುವಾಗ

ರಿಸೀವರ್ 1356.1234 ಎಂದರೆ 13 ಡಿಗ್ರಿ 56.1234 ನಿಮಿಷ. ನಿಮಿಷವನ್ನು 60ರಿಂದ ಭಾಗಿಸಿ ಡಿಗ್ರಿಗೆ ಕೂಡಿದರೆ 13.93539 ಡಿಗ್ರಿ. ಅದನ್ನು 13.561234 ಎಂದು ಬರೆದುಕೊಂಡರೆ ಜಾಗ ಸುಮಾರು 40 ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ಕೂರುತ್ತದೆ. ಡಿಗ್ರಿಯ ಐದನೇ ದಶಮಾಂಶ ಒಂದು ಮೀಟರ್, ಏಳನೆಯದು ಒಂದು ಸೆಂಟಿಮೀಟರ್. ಐದಕ್ಕೇ ಕತ್ತರಿಸುವ ಆ್ಯಪ್‌ನಲ್ಲಿ ಇಷ್ಟು ಹೊತ್ತಿನ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಎತ್ತರದಲ್ಲೂ ಹುಷಾರು: ಆರ್‌ಟಿಕೆಲಿಬ್ ಮಾಮೂಲಾಗಿ ಕೊಡುವುದು ದೀರ್ಘವೃತ್ತಗೋಳದ (ಭೂಮಿಗೆ ಗಣಿತ ಕೊಟ್ಟ ನುಣುಪು ಆಕಾರದ) ಮೇಲಿನ ಎತ್ತರ, ನಮ್ಮ ಸೀಮೆಯಲ್ಲಿ ಅದು ಸಮುದ್ರಮಟ್ಟದ ಲೆಕ್ಕಕ್ಕಿಂತ 80ರಿಂದ 90 ಮೀಟರ್ ಕಡಿಮೆ. ಶಿವಮೊಗ್ಗ ಪೇಟೆ 480ರ ಸುಮಾರು ತೋರಿಸಿದರೆ ರಿಸೀವರ್ ಕೆಟ್ಟಿಲ್ಲ.

ಹೆಡಲಿನ ಕೆಳಗಿನ ಕಲ್ಲು

ದಟ್ಟ ತೋಟದೊಳಗಿನ ಕಲ್ಲಿಗೆ ಆಂಟೆನಾ ಇಟ್ಟು ಗಂಟೆಗಟ್ಟಲೆ ಕಾಯುವುದಕ್ಕಿಂತ ಹೊರಗಿನಿಂದ ಅಳೆಯುವುದೇ ಜಾಣತನ. ಹತ್ತಿರದ ಗದ್ದೆ, ರಸ್ತೆ ಅಥವಾ ಅಡಿಕೆ ಒಣಹಾಕುವ ಅಂಗಳದಲ್ಲಿ 20–30 ಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆದು, ಎರಡನ್ನೂ ಚೆನ್ನಾಗಿ ಅಳೆಯಿರಿ. ಎರಡೂ ಗೂಟದಿಂದ ಕಲ್ಲಿಗೆ ಟೇಪನ್ನು ಮಟ್ಟವಾಗಿ ಹಿಡಿದು ದೂರ ತೆಗೆಯಿರಿ. ಕಲ್ಲಿನ ಬಳಿ ಎರಡು ಟೇಪು ಕೂಡುವ ಕೋನ 30 ಡಿಗ್ರಿಗಿಂತ ಚೂಪಾಗಲೂ ಬಾರದು, 150 ದಾಟಲೂ ಬಾರದು. 90ರ ಹತ್ತಿರವಿದ್ದಷ್ಟು ಒಳ್ಳೆಯದು. ಗೂಟಗಳ ನಡುವಿನ ದೂರವನ್ನೂ ಟೇಪಿನಿಂದ ಅಳೆದು ಜಿಪಿಎಸ್ ಕೊಟ್ಟ ದೂರಕ್ಕೆ ಹೋಲಿಸಿ. ಅಲ್ಲೇ ಹೊಂದದಿದ್ದರೆ ಮುಂದಿನದೆಲ್ಲ ವ್ಯರ್ಥ.

ಕೊನೆ ಕೊಯ್ಯುವ ಫೈಬರ್ ದೋಟಿಗೆ ಆಂಟೆನಾ ಕಟ್ಟಿ ಮರದ ತಲೆಯ ಮೇಲಕ್ಕೆ ಎತ್ತುವ ಉಪಾಯವನ್ನೂ ಕೆಲವರು ಯೋಚಿಸುತ್ತಾರೆ. ತೆಳು ತಂತಿಯಲ್ಲಿ ಮೀಟರಿಗೆ ಒಂದು ಡೆಸಿಬೆಲ್‌ನಷ್ಟು ಸಿಗ್ನಲ್ ಸೋರಿಹೋಗುತ್ತದೆ, 15 ಮೀಟರಿಗೆ ಉಳಿಯುವುದು ಅತ್ಯಲ್ಪ. ಆದ್ದರಿಂದ ರಿಸೀವರನ್ನೇ ಮೇಲೆ ಕಟ್ಟಿ ದಾಖಲೆಯನ್ನು ಅಲ್ಲೇ ಕಾರ್ಡಿಗೆ ಬರೆಸಬೇಕು. ದೋಟಿಯ ತುದಿ ಗಾಳಿಗೆ ಮೊಳದಷ್ಟು ಓಲಾಡುವುದರಿಂದ ಸೆಂಟಿಮೀಟರಿನ ಆಸೆ ಬಿಡಿ, ಅರ್ಧ ಮೀಟರಿಗೆ ಪರವಾಗಿಲ್ಲ. ಎತ್ತುವ ಮುಂಚೆ ತಲೆ ಎತ್ತಿ ವಿದ್ಯುತ್ ತಂತಿ ನೋಡಿ. ಕಾರ್ಬನ್ ಫೈಬರಿನಲ್ಲೂ ಕರೆಂಟು ಹರಿಯುತ್ತದೆ. ದೋಟಿಯ ಉದ್ದದೊಳಗೆ ತಂತಿ ಹಾದಿದ್ದರೆ ಆ ಕಲ್ಲಿಗೆ ಟೇಪೇ ಸರಿ.